ಹೆಸರು ಹಿಡಿಯದೆ ಕರೆದ ಸೈನ್ಯ

ಮಳೆ ಹಿಡಿದುಕೊಂಡಿದ್ದೇ ತಡ, ಸ್ಟುಡಿಯೋದ ಕೆಲಸವೆಲ್ಲ ನಿಂತುಹೋಯಿತು. ಗೋಡೆಗಳಿಗೆ ಸದ್ದು ನುಂಗುವ ಹಲಗೆ ಜಡಿಸಿದವರು ಮೇಲಿನ ತಗಡಿನ ಚಾವಣಿಯನ್ನು ಮರೆತೇಬಿಟ್ಟಿದ್ದರು. ಜೋರು ಮಳೆ ಬಂದರೆ ಮೈಕಿಗೆ ಅದೊಂದೇ ಕೇಳಿಸುತ್ತಿತ್ತು. ನಿರ್ದೇಶಕ ಚಾವಣಿಯನ್ನು, ಮಳೆಯನ್ನು, ಕಟ್ಟಡ ಕಟ್ಟಿಸಿದವರನ್ನು ಒಂದು ಸುತ್ತು ಬೈದು, ಕೊನೆಗೆ ಸೋತು, ಎಲ್ಲರಿಗೂ ಚಹಾ ತರಿಸಿದ.

ಅವರು ಮಾಡುತ್ತಿದ್ದದ್ದು ರೇಡಿಯೋ ನಾಟಕ. ಕುರುಕ್ಷೇತ್ರದ ಯುದ್ಧಕ್ಕೆ ಮುಂಚೆ ದಾಯಾದಿಗಳು ಎರಡೂ ಕಡೆಯಿಂದ ದೇಶದೇಶಕ್ಕೆ ದೂತರನ್ನು ಅಟ್ಟಿ, ಅಕ್ಷೋಹಿಣಿಗಟ್ಟಲೆ ಸೈನ್ಯ ಕರೆಸುವ ಭಾಗ. ಆ ಕರೆಯನ್ನು ಓದಬೇಕಾದವಳು ನಿರೂಪಕಿ. ಅವಳ ಗಂಟಲೇನೋ ಚೆನ್ನಾಗಿತ್ತು, ಮನಸ್ಸು ಮಾತ್ರ ಮೊಬೈಲಿನಲ್ಲಿತ್ತು. ಅವಳ ತಮ್ಮ ಗಡಿಯಲ್ಲಿ ಸಿಪಾಯಿ. ಅಲ್ಲಿ ಗುಂಡಿನ ಕಾಳಗ ಶುರುವಾದ ಮೇಲೆ ಅವನಿಂದ ಫೋನು ಬಂದಿರಲಿಲ್ಲ. ಬದುಕಿದ್ದಾನೆಯೋ ಇಲ್ಲವೋ ಎಂಬ ಮಾತನ್ನು ಅವಳು ಬಾಯಿಬಿಟ್ಟು ಆಡುತ್ತಿರಲಿಲ್ಲ, ಜೊತೆಯವರೂ ಆಡುತ್ತಿರಲಿಲ್ಲ. ಅವಳ ಫೋನು ಗುಂಯ್‌ಗುಟ್ಟಿದಾಗ ಮಾತ್ರ ಎಲ್ಲರೂ ತಮ್ಮ ತಮ್ಮ ಮಾತು ನಿಲ್ಲಿಸುತ್ತಿದ್ದರು.

"ಈ ದೊರೆಗಳ ಹೆಸರಿನ ಸಾಲು ಇದೆಯಲ್ಲ, ಇದನ್ನ ಕಿತ್ತುಹಾಕೋಣ," ಎಂದ ನಿರ್ದೇಶಕ, ಪೆನ್ನಿಗಾಗಿ ಜೇಬು ತಡಕುತ್ತ. "ಮದ್ರದ ದೊರೆಯೇ ಬಾ, ಮತ್ಸ್ಯದ ದೊರೆಯೇ ಬಾ, ಕಾಂಬೋಜದ ದೊರೆಯೇ ಬಾ... ಕೇಳೋರು ನಿದ್ದೆ ಹೋಗ್ತಾರೆ. ಎಲ್ಲಿದ್ದರೂ ಬನ್ನಿ ಅಂತ ಒಂದೇ ಸಲ ಕೂಗಿಬಿಡಿ ಮೇಡಂ. ಎದೆಗೆ ನಾಟಬೇಕು."

"ಹೆಸರು ತೆಗೀಬೇಡಿ," ಎಂಬ ಮಾತು ಮೂಲೆಯಿಂದ ಬಂತು.

ಅಲ್ಲಿ ಜಲ್ಲಿಕಲ್ಲು ತುಂಬಿದ ಮರದ ಪೆಟ್ಟಿಗೆಯ ಪಕ್ಕ ಒಬ್ಬ ಮುದುಕ ಕೂತಿದ್ದ. ಅವನನ್ನು ಎಲ್ಲರೂ ಸದ್ದಿನ ತಾತ ಎನ್ನುತ್ತಿದ್ದರು. ಆಯುಷ್ಯವೆಲ್ಲ ಇದೇ ಕಟ್ಟಡದಲ್ಲಿ ನಾಟಕಗಳಿಗೆ ಸದ್ದು ಮಾಡಿ ನಿವೃತ್ತನಾದವನು. ಎರಡು ತೆಂಗಿನ ಚಿಪ್ಪು ಕುಟ್ಟಿದರೆ ಕುದುರೆ, ಬೀಗದ ಕೈಗೊಂಚಲು ಅಲ್ಲಾಡಿಸಿದರೆ ಕವಚ, ಜಲ್ಲಿಯ ಮೇಲೆ ಕಾಲು ಅಪ್ಪಳಿಸಿದರೆ ಕಾಲಾಳುಗಳ ದಂಡು. ಕಂಪ್ಯೂಟರಿನಲ್ಲಿ ಸಿಕ್ಕ ಸೈನ್ಯದ ಸದ್ದು ಆಲಿಕಲ್ಲು ಬಿದ್ದ ಹಾಗಿದೆ ಎಂದು ಮೂಗು ಮುರಿದು, ನಿರ್ದೇಶಕ ತಾನೇ ಅವನನ್ನು ಮನೆಯಿಂದ ಕರೆತಂದಿದ್ದ.

"ಯಾಕೆ ತಾತ? ಹೆಸರು ಬಿಟ್ಟರೆ ಆ ದೊರೆಗಳೇ ಜಗಳಕ್ಕೆ ಬರ್ತಾರಾ?"

"ದೊರೆಗಳು ಬಂದ್ರೆ ಪರವಾಗಿಲ್ಲ ಬಿಡಿ," ಎಂದ ತಾತ. "ಬರೋರು ಬೇರೆ."

ಯಾರೋ ನಕ್ಕರು. ತಾತ ನಗಲಿಲ್ಲ. ಮಳೆ ನಿಲ್ಲುವ ಲಕ್ಷಣವಿರಲಿಲ್ಲ. ನಿರೂಪಕಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಉಳಿದವರೂ ಲೋಟ ಹಿಡಿದು ಒಬ್ಬೊಬ್ಬರಾಗಿ ಪೆಟ್ಟಿಗೆಯ ಸುತ್ತ ಸೇರಿದರು.

"ಕೇಳಿ... ಇದು ನನ್ನ ಮೀಸೆ ಇನ್ನೂ ಕಪ್ಪಗಿದ್ದ ಕಾಲದ್ದು. ಆಗೆಲ್ಲ ನಿಮ್ಮ ಹಾಗೆ ತಪ್ಪಿದ್ರೆ ಅಳಿಸಿ ಮತ್ತೆ ಮಾಡೋದು ಅಂತ ಇರಲಿಲ್ಲ ಕಣ್ರಪ್ಪಾ. ನಾಟಕ ಅಂದ್ರೆ ನೇರ ಗಾಳಿಗೆ. ಇಲ್ಲಿ ಬಾಯಿಂದ ಬಿದ್ದ ಮಾತು ಆ ಕ್ಷಣಕ್ಕೇ ಊರೂರಲ್ಲಿ, ಮನೆಮನೆಯ ರೇಡಿಯೋದಲ್ಲಿ. ಕೆಂಪು ದೀಪ ಹತ್ತಿತೋ ಮುಗೀತು, ಕೆಮ್ಮೋ ಹಾಗಿಲ್ಲ, ಸೀನೋ ಹಾಗಿಲ್ಲ, ಚೇಳು ಕಡಿದ್ರೂ ಬಾಯಿ ಮುಚ್ಕೊಂಡು ಕಡಿಸಿಕೊಳ್ಳಬೇಕು. ಈ ಕಾರಿಡಾರಿನ ಕೊನೇಲಿ ಮುರಿದ ಕುರ್ಚಿ ತುಂಬಿಟ್ಟಿದೀರಲ್ಲ, ಆ ಕೋಣೇನೇ ಆಗಿನ ಸ್ಟುಡಿಯೋ. ಒಂದು ಬಾಗಿಲು, ಒಂದು ಮೈಕು, ಒಂದು ಕಡೆ ನಿರ್ದೇಶಕರು ನೋಡೋಕೆ ಗಾಜು... ಅಷ್ಟೆ.

"ಆಗ ನಮ್ಮಲ್ಲಿ ಒಬ್ಬರು ನಿರೂಪಕಿ ಇದ್ರು, ಎಲ್ಲರೂ ದೊಡ್ಡಕ್ಕ ಅಂತಿದ್ವಿ. ಏನು ಧ್ವನಿ ಅಂತೀರಿ! ಅವರು ಹವಾಮಾನ ವರದಿ ಓದಿದ್ರೂ ಜನ ಕೈಲಿದ್ದ ಕೆಲಸ ಬಿಟ್ಟು ಕೇಳೋರು. ಗಂಡ ಇಲ್ಲ, ಒಬ್ಬನೇ ಮಗ. ಅವನೂ ಯುದ್ಧಕ್ಕೆ ಹೋದೋನು ಪತ್ತೆ ಇಲ್ಲ ಅಂತ ಸೈನ್ಯದವರು ಹೇಳಿ ಕೈ ತೊಳಕೊಂಡಿದ್ರು. ಸತ್ತ ಅಂದಿದ್ರೆ ಅತ್ತು ಹಗುರ ಆಗಬಹುದಿತ್ತು, ಬದುಕಿದಾನೆ ಅಂದಿದ್ರೆ ನೆಮ್ಮದಿಯಾಗಿ ಕಾಯಬಹುದಿತ್ತು... ಪತ್ತೆ ಇಲ್ಲ ಅಂದ್ರೆ ತಾಯಿ ಏನು ಮಾಡಬೇಕು? ಬಾಗಿಲಿಗೆ ಚಿಲಕ ಹಾಕದೆ ಮಲಗೋರು. ಅವನ ಚಪ್ಪಲಿ ದಿನಾ ಒರೆಸಿ ಇಡೋರು. ಸೆರೆ ಸಿಕ್ಕಿರಬೇಕು, ನೆನಪು ಹೋಗಿರಬೇಕು, ಇವತ್ತಲ್ಲ ನಾಳೆ ಬರ್ತಾನೆ ಅಂದುಕೊಂಡೇ ಉಸಿರು ಹಿಡಕೊಂಡಿದ್ರು."

ತಾತ ಮಾತು ನಿಲ್ಲಿಸಿ ನಿರೂಪಕಿಯ ಮುಖ ನೋಡಿದ. ಆಡಬಾರದ್ದನ್ನು ಆಡಿದೆನೇನೋ ಎಂಬ ಅಳುಕು ಅವನ ಕಣ್ಣಲ್ಲಿ ಕಂಡಿತು. "ಹೇಳಿ ತಾತ," ಎಂದಳು ಅವಳು. ಎದ್ದುಹೋಗಬೇಕು ಎನಿಸುತ್ತಿತ್ತು, ಆದರೂ ಕೂತೇ ಇದ್ದಳು.

"ಆವತ್ತು ಇದೇ ಕತೆ, ಇದೇ ಸನ್ನಿವೇಶ. ನಮ್ಮ ಹಳೇ ನಟರಲ್ಲಿ ಒಂದು ಪದ್ಧತಿ ಇತ್ತು. ಸೈನ್ಯ ಕರೆಯೋ ಮಾತು ಬಂದ್ರೆ ಹೆಸರು ಹಿಡಿದೇ ಕರೀಬೇಕು. ಇಂಥ ದೇಶದ ಇಂಥವನೇ, ನೀನು ಬಾ, ನಮ್ಮ ಕಡೆಗೆ ಬಾ. ಯಾಕೆ ಅಂದ್ರೆ ಯಾರಿಗೂ ಗೊತ್ತಿಲ್ಲ, ಮಾಡ್ಕೊಂಡು ಬಂದಿದ್ರು. ಆ ಯುದ್ಧದಲ್ಲೇ ನೋಡಿ... ಸೋದರಳಿಯಂದಿರ ಕಡೆ ನಿಲ್ತೀನಿ ಅಂತ ದಂಡು ಕಟ್ಟಿಕೊಂಡು ಹೊರಟ ಮಾವ, ಅದೇ ಮದ್ರದ ದೊರೆ, ದಾರೀಲಿ ಎದುರುಕಡೆಯವರು ಒಳ್ಳೇ ಊಟ ಹಾಕಿದ್ರು ಅಂತ ಅವರ ಪಾಲೇ ಆಗಿಬಿಡಲಿಲ್ವಾ? ಹೆಸರು ಹಿಡಿದು ಕರೆದೋರ ಗತಿಯೇ ಹಂಗಾದ್ರೆ, ಹೆಸರೇ ಇಲ್ಲದೆ ಕರೆದ್ರೆ ಏನಾಗುತ್ತೆ?

"ಆಗಿನ ನಿರ್ದೇಶಕರಿಗೆ ಗಡಿಯಾರದ್ದೇ ಚಿಂತೆ. ನಾಟಕದ ಬೆನ್ನಿಗೇ ವಾರ್ತೆ, ಒಂದು ಉಸಿರು ಹೆಚ್ಚಾದ್ರೂ ಮೇಲಿನವರು ಮುಖಕ್ಕೆ ಉಗೀತಾರೆ. ಬಾಗಿಲು ಮುಚ್ಚೋ ಹೊತ್ತಿಗೆ ಓಡಿಬಂದು ದೊಡ್ಡಕ್ಕನ ಕೈಲಿದ್ದ ಹಾಳೆ ಮೇಲೆ ಹೆಸರುಗಳಿಗೆಲ್ಲ ಗೀಟು ಎಳೆದ್ರು. 'ಎಲ್ಲಿದ್ದರೂ ಬನ್ನಿ ಅಂತ ಕೂಗಿ, ನಿಮ್ಮವರನ್ನೇ ಕರೆದ ಹಾಗೆ ಕೂಗಿ' ಅಂದ್ರು. ನಿಮ್ಮವರನ್ನೇ ಕರೆದ ಹಾಗೆ! ಆ ತಾಯಿಗೆ ಹೇಳೋ ಮಾತೇನ್ರೀ ಅದು?

"ಕೆಂಪು ದೀಪ ಹತ್ತಿತು. ನಾನು ಜಲ್ಲಿ ಪೆಟ್ಟಿಗೆ ಮೇಲೆ ನಿಂತಿದೀನಿ. ಗೋಡೆ ಪಕ್ಕ ನಮ್ಮ ಸೈನ್ಯ... ಸೈನ್ಯ ಅಂದ್ರೆ ಯಾರು? ಆಫೀಸಿನ ಡ್ರೈವರು, ಟೈಪಿಸ್ಟು, ಗೇಟು ಕಾಯೋನು! ದೊಡ್ಡಕ್ಕ ಕರೆದಾಗ ಅವರು 'ಬಂದೆವು' ಅನ್ನಬೇಕು, ನಾನು ಕಾಲು ಕುಟ್ಟಬೇಕು. ದೊಡ್ಡಕ್ಕ ಕಣ್ಣು ಮುಚ್ಚಿದ್ರು... 'ಆಯುಧ ಹಿಡಿದವರೇ, ಎಲ್ಲಿದ್ದರೂ ಬನ್ನಿ' ಅಂತ ಕೂಗಿದ್ರು. ಅದು ನಾಟಕದ ಕೂಗಲ್ಲ. ಕತ್ತಲಾದ್ರೂ ಆಟ ಬಿಟ್ಟು ಬರದ ಮಗನನ್ನ ಬಾಗಿಲಲ್ಲಿ ನಿಂತು ಊಟಕ್ಕೆ ಕರೀತಾರಲ್ಲ, ಆ ಕೂಗು.

"ಮೂವರೂ ಬಂದೆವು ಅಂದ್ರು. ನಾನು ಕಾಲು ಕುಟ್ಟಿದೆ. ಹೇಳಿದ ಜಾಗಕ್ಕೆ ನಿಲ್ಲಿಸಿದೆ... ಸದ್ದು ನಿಲ್ಲಲಿಲ್ಲ.

"ಮೊದಲು ಕಾರಿಡಾರಿನಲ್ಲಿ. ಆಮೇಲೆ ಬಾಗಿಲ ಹತ್ತಿರ. ಬಾಗಿಲು ತೆರೀಲಿಲ್ಲ ಕಣ್ರಪ್ಪಾ, ಕೋಣೆ ಮಾತ್ರ ತುಂಬ್ತಾ ಹೋಯಿತು, ಬಸ್ಸು ತುಂಬಿದ ಹಾಗೆ. ಕಣ್ಣಿಗೆ ಏನೂ ಇಲ್ಲ, ಭುಜಕ್ಕೆ ಭುಜ ತಾಗ್ತಾ ಇದೆ. ನನ್ನ ಪೆಟ್ಟಿಗೇಲಿ, ನಾನು ಕಾಲೇ ಇಡದ ಜಾಗದಲ್ಲಿ, ಜಲ್ಲಿ ತಾನೇ ತಾನಾಗಿ ಹಳ್ಳ ಬೀಳ್ತಾ ಇದೆ... ಬೂಟಿನ ಆಕಾರ, ಬರಿಗಾಲಿನ ಆಕಾರ. ಹಸಿ ಮಣ್ಣಿನ ವಾಸನೆ, ಸುಟ್ಟ ಮದ್ದಿನ ವಾಸನೆ. ಆಮೇಲೆ 'ಬಂದೆ' ಅಂತ ಒಂದು ಧ್ವನಿ. 'ಬಂದೆ' ಅಂತ ಇನ್ನೊಂದು. ಗೊಗ್ಗರು ಧ್ವನಿ, ಮೀಸೆ ಮೂಡದ ಎಳೇ ಧ್ವನಿ, ನಮಗೆ ಅರ್ಥವೇ ಆಗದ ಭಾಷೆಗಳು. ಯಾವ್ಯಾವ ಯುದ್ಧದಲ್ಲಿ, ಯಾವ್ಯಾವ ಕಡೆ ನಿಂತು ಸತ್ತವರೋ! ಎಲ್ಲರನ್ನೂ ಕರೆದಿದ್ವಿ ಅಲ್ವಾ? ಎಲ್ಲರೂ ಬಂದಿದ್ರು.

"ಕಿರುಚೋಣ ಅಂದ್ರೆ ಕೆಂಪು ದೀಪ ಉರೀತಿದೆ! ಟೈಪಿಸ್ಟು ತನ್ನ ಅಂಗೈಯನ್ನ ತಾನೇ ಕಚ್ಚಿಕೊಂಡು ನಿಂತಿದ್ದ, ರಕ್ತ ಇಳೀತಿತ್ತು, ಬಾಯಲ್ಲಿ ಸದ್ದಿಲ್ಲ. ಗಾಜಿನ ಆಚೆ ನಿರ್ದೇಶಕರು ಮಾತ್ರ ಹೆಬ್ಬೆರಳು ಎತ್ತಿ ಎತ್ತಿ ತೋರಿಸ್ತಿದ್ರು, ಮೂರು ಜನರಲ್ಲಿ ಎಂಥಾ ಸೈನ್ಯ ಎಬ್ಬಿಸಿದ್ರಪ್ಪಾ ಅಂತ!

"ಆಗ... ಮೈಕಿನ ಹತ್ತಿರವೇ, ದೊಡ್ಡಕ್ಕನ ಕಿವಿಯ ಪಕ್ಕದಲ್ಲೇ, ಒಂದು ಧ್ವನಿ 'ಬಂದೆ ಅಮ್ಮ' ಅಂತು."

ತಾತ ತುಟಿ ಒರೆಸಿಕೊಂಡ. ನಿರ್ದೇಶಕನ ಮುಖದಲ್ಲಿದ್ದ ನಗು ಯಾವಾಗಲೋ ಹೋಗಿತ್ತು. ನಿರೂಪಕಿ ಎರಡೂ ಕೈಗಳಲ್ಲಿ ಮೊಬೈಲನ್ನು ಅವುಚಿ ಹಿಡಿದಿದ್ದಳು.

"ಆ ಮುಖ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂಗಿದೆ. ಮೊದಲು ಸಂತೋಷ. ಹೌದು, ಸಂತೋಷವೇ! ಮಗ ಬಂದ! ತಿರುಗಿ ಕೈ ಚಾಚಿದ್ರು. ಕೈಗೆ ಏನೂ ಸಿಗಲಿಲ್ಲ. ಆಗ ಹೊಳೀತು ನೋಡಿ ಅವರಿಗೆ... ಇಲ್ಲಿ ಬಂದು ನಿಂತಿರೋರು ಎಂಥೋರು, ಅವರ ನಡುವೆ ಇವನೂ ಇದಾನೆ ಅಂದ್ರೆ ಏನರ್ಥ ಅಂತ. ಚಿಲಕ ಹಾಕದೆ ಕಾದ ತಾಯಿ ತನ್ನ ಬಾಯಿಂದಲೇ ಮಗನನ್ನ ಕರೆದು, ಅವನ ಸಾವನ್ನ ಅವನ ಬಾಯಿಂದಲೇ ಕೇಳೋ ಹಾಗಾಯಿತಲ್ಲ! ಯಾವ ತಾಯಿಗೆ ಬೇಕು ಅದು?

"'ಯಾವ ಕಡೆ ಅಮ್ಮ? ಯಾರ ಮೇಲೆ ಹೋಗಬೇಕು?' ಅಂತು ಆ ಧ್ವನಿ. ಹಿಂದೆಯೇ ಮಿಕ್ಕವರೂ ಅವರವರ ಭಾಷೇಲಿ ಏನೋ ಕೇಳಿದ್ರು, ಅದೇ ಇರಬೇಕು. ಸತ್ತ ಮೇಲೂ ಸಿಪಾಯಿ ಆಜ್ಞೆ ಕಾಯ್ತಾನೆ ಕಣ್ರಪ್ಪಾ. ದೊಡ್ಡಕ್ಕ ಎಲ್ಲರೂ ಹೊರಡಿ ಅಂದ್ರು. ಯಾರೂ ಕದಲಲಿಲ್ಲ. ಯುದ್ಧ ಮುಗೀತು, ಮನೆಗೆ ಹೋಗಿ ಅಂದ್ರು. ಊಹೂಂ. ಕೊನೆಗೆ ಮಗನ ಹೆಸರು ಹಿಡಿದು, ಹುಟ್ಟಿದಾಗ ಇಟ್ಟ ಪೂರ್ತಿ ಹೆಸರು ಹಿಡಿದು, 'ಸಾಕು ಕಂದ, ಇನ್ನು ಯಾರ ಮೇಲೂ ಹೋಗಬೇಡ, ಮಲಕ್ಕೋ ಹೋಗು' ಅಂದ್ರು. ಜಲ್ಲೀಲಿ ಒಂದು ಜೊತೆ ಹೆಜ್ಜೆ ತ್ರಾಸಪಟ್ಟು ತಿರುಗಿತು... ಹೋಯಿತು. ಒಂದೇ ಒಂದು ಜೊತೆ. ಮಿಕ್ಕವರ ಹೆಸರು ಅವರಿಗೆ ಗೊತ್ತಿದ್ರೆ ತಾನೇ?

"ಮರುದಿನ ಜನ ಹೊಗಳಿದ್ದೇ ಹೊಗಳಿದ್ದು. ಆ ತಾಯಿಯ ಪಾತ್ರ ಎಂಥಾ ಅಭಿನಯ ರೀ ಅಂತ. ನಮ್ಮ ನಾಟಕದಲ್ಲಿ ತಾಯಿಯ ಪಾತ್ರವೇ ಇರಲಿಲ್ಲ!"

ಮಳೆ ಸಣ್ಣಗಾಗಿತ್ತು.

"ಮಿಕ್ಕವರು ಏನಾದ್ರು ತಾತ?" ಎಂದು ನಿರ್ದೇಶಕನೇ ಕೇಳಿದ.

"ಏನಾಗ್ತಾರೆ? ನಿಂತಿದ್ರು. ದೊಡ್ಡಕ್ಕ ಬದುಕಿರೋವರೆಗೆ ದಿನಾ ಆ ಕೋಣೇಲಿ ಕೂತು, ಒಬ್ಬೊಬ್ಬರನ್ನೇ ಹೆಸರು ಕೇಳಿ, ಹೆಸರು ಹಿಡಿದು ಕಳಿಸಿದ್ರು. ಅವರು ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು, ನಿವೃತ್ತಿಯಾದ ಮೇಲೂ ಬಂದು ಹೋಗ್ತಾನೇ ಇದೀನಿ. ಮುಗಿಯುತ್ತೆ ಅಂದುಕೊಂಡಿದ್ದೆ... ಎಲ್ಲಿ ಮುಗಿಯುತ್ತೆ? ಗಾಳಿಗೆ ಬಿಟ್ಟ ಕೂಗನ್ನ ವಾಪಸ್ ತರೋಕಾಗುತ್ತಾ? ಅದು ಇನ್ನೂ ಎಲ್ಲೆಲ್ಲೋ ಕೇಳಿಸ್ತಾನೇ ಇದೆ. ನಿನ್ನೆ ಮೊನ್ನೆ ಸತ್ತೋರೂ ಬರ್ತಾರೆ."

ನಿರ್ದೇಶಕ ಒಣನಗೆ ನಕ್ಕು, "ಆಯಿತು ತಾತ, ಹೆಸರು ಸೇರಿಸೇ ಓದ್ತಾರೆ, ಸಾಕಾ?" ಎಂದು ಏಳಲು ಹೋದ. ತಾತ ಏಳಲಿಲ್ಲ. ಅವನು ನಿರೂಪಕಿಯನ್ನೇ ನೋಡುತ್ತಿದ್ದ.

"ಮಗಳೇ," ಎಂದ ಮೆತ್ತಗೆ, "ನಿನ್ನ ತಮ್ಮ ನಿನ್ನನ್ನ ಏನಂತ ಕರೀತಾನೆ?"

ಅದು ನಾಲ್ಕು ಜನರ ಮುಂದೆ ಹೇಳುವಂಥ ಹೆಸರಾಗಿರಲಿಲ್ಲ. ಚಿಕ್ಕಂದಿನ ಯಾವುದೋ ಜಗಳದಲ್ಲಿ ಹುಟ್ಟಿದ್ದು, ಅಪ್ಪ ಅಮ್ಮನಿಗೂ ಕೇಳಿಸದ ಹಾಗೆ ಅವಳನ್ನು ರೇಗಿಸಲು ಅವನು ಪಿಸುಗುಟ್ಟುತ್ತಿದ್ದದ್ದು. ಅವನೊಬ್ಬನನ್ನು ಬಿಟ್ಟರೆ ಲೋಕದಲ್ಲಿ ಬೇರೆ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ.

"ಅಕ್ಕ ಅಂತ," ಎಂದು ಸುಳ್ಳು ಹೇಳಿದಳು.

ತಾತನ ಮುಖ ಅರಳಿತು. "ಅಬ್ಬಾ, ಬದುಕಿದೆ! ಹಂಗಾದ್ರೆ ಇವನು ಬೇರೆ ಯಾರೋ. ಬೆಳಿಗ್ಗೆಯಿಂದ ನನ್ನ ಜೀವದಲ್ಲಿ ಜೀವ ಇರಲಿಲ್ಲ ಮಗಳೇ, ನಿನಗೆ ಹೆಂಗೆ ಹೇಳೋದು ಅಂತ. ಆ ಕೋಣೇಲಿ ಹೊಸಬ ಒಬ್ಬ ಬಂದು ನಿಂತಿದಾನೆ. ಹೆಸರು ಕೇಳಿದ್ರೆ ಹೇಳಲ್ಲ. 'ಸೊಟ್ಟಮೂತಿ ಎಲ್ಲಿ, ಸೊಟ್ಟಮೂತಿನ ಕರೀರಿ' ಅಂತ ಒಂದೇ ಸಮ. ನಗ್ತಾನೆ ಬೇರೆ..."

ನಿರೂಪಕಿಗೆ ಕೂಗಿಕೊಳ್ಳಬೇಕೆನಿಸಿತು. ಅವಳು ಕುರ್ಚಿ ಬಿಟ್ಟೆದ್ದು ಕಾರಿಡಾರಿನ ಬಾಗಿಲ ಕಡೆ ತಿರುಗಿದಳು. ತಾತ ಅದನ್ನು ಗಮನಿಸದೆ, ಮಂಡಿ ಹಿಡಿದುಕೊಂಡು ಏಳುತ್ತ, ಹೇಳುತ್ತಲೇ ಇದ್ದ.

"ಪಾಪ, ಯಾರ ಮನೆ ಹುಡುಗನೋ. ಅವನ ಹೆಸರು ಬಲ್ಲೋರು ಯಾರಾದ್ರೂ ಬಂದು ಹೋಗು ಅನ್ನೋವರೆಗೂ ಅಲ್ಲೇ ನಿಂತಿರ್ತಾನೆ."