ಬ್ರೇಕಿನ್ಯಾಗಿನ ಗಾಳಿ

ಏ ಬಿಡಬ್ಯಾಡ, ಬಿಡಬ್ಯಾಡಾ! ...ಅಯ್ಯ, ಬಿಟ್ಟಽ ಬಿಟ್ಟಿ. ಮತ್ತ ಗಾಳಿ ಎಳಕೊಂತು. ತ್ರಿಶಲಾ, ಎಷ್ಟ ಸಲ ಹೇಳ್ಲಿ? ನಾ ಇಲ್ಲಿ ಗಾಲಿ ಹತ್ರ ಗಾಳಿ ಬಿಡೂ ನಿಪ್ಪಲ್ ಬಿಗಿ ಮಾಡೂತನಕ ನೀ ಬ್ರೇಕಿನ ಮ್ಯಾಲಿನ ಕಾಲು ಎತ್ತಬಾರದು. ಇದು ಇಬ್ರ ಕೆಲಸ. ಹ್ಞಾ... ಈಗ ಒತ್ತು. ಇನ್ನೊಮ್ಮೆ. ಇನ್ನೊಮ್ಮೆ. ಹಿಡಿ! ...ನೋಡು, ಬಾಟ್ಲಿಯೊಳಗ ಹ್ಯಾಂಗ ಗುಳ್ಳಿ ಬರಾಕತ್ತಾವ!

ಯಾಕ ಅಂಜತಿ? ಗಾಡಿ ಜ್ಯಾಕಿನ ಮ್ಯಾಲ ಐತಿ, ಎಲ್ಲಿಗೂ ಓಡೂದಿಲ್ಲ. ನಾಕ ತಿಂಗಳಾತು ಗಾಡಿ ಹೊರಗ ತಗದಿಲ್ಲ, ನೀ ಸ್ಟೇರಿಂಗ್ ಮುಂದ ಕುಂತಿಲ್ಲ, ಗೊತ್ತೈತಿ ನನಗ. ಬಾ, ಕುಂದರು ಅಂತ ಇವತ್ತ ನಾನಽ ಕರದೇನಲ್ಲ?

...ಇವತ್ತಽ ಯಾಕ ಅಂದ್ರ? ಬ್ರೇಕ್ ಆಯಿಲ್ ಹಳೇದಾಗಿತ್ತು, ಅದಕ್ಕ. ಅದಿರ್ಲಿ. ನೀ ನಿನ್ನ ತಮ್ಮಗ ಯಾಕ ಫೋನ್ ಮಾಡಿದಿ? ಮಾಡಿಲ್ಲ ಅನಬ್ಯಾಡ! ಮುಂಜಾನೆ ವಿಶಾಲನಽ ನಿಪ್ಪಾಣಿ ಗ್ಯಾರೇಜಿನಿಂದ ಹಚ್ಚಿದ್ದ. "ದಾಜಿ, ಅಕ್ಕ ಗಾಲಿ ಫೋಟೋ ಕಳಸ್ಯಾಳ, ಸಂಜಿಮುಂದ ಬಂದು ನೋಡ್ಲೇನು?" ಅಂತ! ಎದಿ ಒಡದ್ಹಂಗಾತು ನನಗ. ಹನ್ನೊಂದ ವರ್ಷ ಕೂಡಿ ಬಾಳೇವಿ. ಈ ಭೋಜ ಊರಾಗ ಯಾರ ಪಂಪ್ ನಿಲ್ಲಲಿ, ಯಾರ ಟ್ರ್ಯಾಕ್ಟರ್ ನಿಲ್ಲಲಿ, ಧನಪಾಲನ್ನ ಕರೀರಿ ಅಂತಾರ. ಮನಿಯಾಗಿನ ಹೆಂಡತಿ ಮಾತ್ರ ಬೆನ್ನ ಹಿಂದ ಫೋಟೋ ತಗದು ತವರಮನಿಗಿ ಕಳಸ್ತಾಳ! ಇಷ್ಟ ಮೋಸ ಮಾಡ್ತಿ ಅಂತ ಅನಕೊಂಡಿದ್ದಿಲ್ಲ... ಯಾಕ ನಗ್ತಿ? ನಗೂವಂಥಾದ್ದ ಏನ ಹೇಳಿದೆ?

ಒತ್ತು. ಹಿಡಿ... ಹ್ಞಾ, ಬಿಡು.

ಆವತ್ತ ನಾ ನಿನಗ ಬೈದೇನು? ಹಿಂದಿನ ದಿನಽ ಎರಡೂ ಗಾಲಿಗೆ ಬ್ರೇಕ್ ಹಿಡಿಯೂ ಹೊಸಾ ಕ್ಯಾಲಿಪರ್ ಹಾಕಿ ಕೊಟ್ಟಿದ್ದೆ, ಈ ಕೈಲೆ. ನೀ ಬೇಡಕಿಹಾಳ ಕ್ರಾಸಿನ್ಯಾಗ ಕಬ್ಬಿನ ಟ್ರೇಲರಿಗೆ ಹೋಗಿ ಬಡದಿ. ನಮ್ಮ ಕೂಸು ಕೋಮಲನ ಗದ್ದಕ್ಕ ಆರ ಹೊಲಿಗಿ. ಕೂಸಿನ ಕೊಂದಽ ಬಿಡ್ತಿದ್ಲು ಅಂತ ಅವ್ವ ಓಣಿ ಮಂದಿ ಮುಂದ ಅಂದ್ಲು. ಅಂದೇನು ನಾ? ತುಟಿಪಿಟಕ್ ಅನಲಿಲ್ಲ! ನನ್ನ ಕಾಲು ತಡಾ ಆತು ಅಂತ ನೀನಽ ಅಂದಿ. ನೀನಽ ಚಾವಿ ತಂದು ನನ್ನ ಕೈಯಾಗ ಇಟ್ಟಿ. ಸಾಲಿ ನೌಕರಿ ಬಿಟ್ಟಾಕಿನೂ ನೀನಽ... ಬಿಡು ಅಂತ ನಾ ಹೇಳಿದ್ದಿಲ್ಲ.

ಇಳಿ. ಇಳದು ಬಂದು ನೋಡು ಇಲ್ಲಿ. ನಿನ್ನ ತಮ್ಮಗೂ ಹೇಳು. ಗಾಳಿ ಯಾವಾಗ್ಲೂ ಮ್ಯಾಲಕ್ಕ ಏರ್ತೈತಿ. ಅದಕ್ಕಽ ಈ ನಿಪ್ಪಲ್ ಕ್ಯಾಲಿಪರಿನ ನೆತ್ತಿ ಮ್ಯಾಲ ಇರಬೇಕು. ಎಡಗಡೆದು ಬಲಕ್ಕ, ಬಲಗಡೆದು ಎಡಕ್ಕ ಕುಂದ್ರಸಿದ್ರ ನಿಪ್ಪಲ್ ಕೆಳಗ ಹೋಗ್ತೈತಿ. ಆಯಿಲ್ ಹೊರಗ ಬರ್ತೈತಿ, ಗಾಳಿ ಒಳಗಽ ಉಳಿತೈತಿ. ಆಮ್ಯಾಲ ನೀ ಎಷ್ಟ ಒತ್ತಿದ್ರೂ ಬ್ರೇಕ್ ಹಿಡಿಯೂದಿಲ್ಲ. ನೋಡು, ಈಗ ಹ್ಯಾಂಗ ಮ್ಯಾಲ ಐತಿ! ಈಗ ನೋಡು ಹ್ಯಾಂಗ ಗಟ್ಟಿ...

...ಈಗ ಅಂದ್ರ... ಮೊದಲೂ ಹಂಗಽ ಇತ್ತು. ಹೌದು, ಹಂಗಽ ಇತ್ತು. ಆ ಫೋನ್ ಯಾಕ ಹಿಡದಿ ನನ್ನ ಮುಂದ? ...ನಿನ್ನಿ ಫೋಟೋ. ನಿನ್ನಿ ಮಧ್ಯಾಹ್ನ ತಗದಿದ್ದು. ಅದರಾಗ ನಿಪ್ಪಲ್ ಕೆಳಗ ಐತಿ...

ತ್ರಿಶಲಾ. ಬೈ! ಆ ಪಾನಾ ತಗೊಂಡು ತೆಲಿಗಿ ಹಾಕು...

ಹ್ಞೂಂ. ಗೊತ್ತಿತ್ತು. ಆವತ್ತ ಸಂಜಿಕಽ ಗಾಲಿ ಬಿಚ್ಚಿ ನೋಡಿದೆ, ಎಡಬಲ ಅದಲಬದಲ ಕುಂದ್ರಸಿದಾಂವ ನಾನಽ. ಇವತ್ತ ವಿಶಾಲನ ಫೋನ್ ಬಂದಮ್ಯಾಲ ಸರಿ ಮಾಡಿದೆ. ಮೆತ್ತಗ ಅನಸ್ತೈತಿ ಅಂತ ನೀ ಆವತ್ತ ಮುಂಜಾನೆನಽ ಅಂದಿದ್ದಿ, ಹೊಸಾದು ಹಂಗಽ ಇರ್ತೈತಿ ಅಂತ ಕಳಸಿದಾಂವ ನಾನು. ಹೇಳಬೇಕಂತ ಒಳಗ ಬಂದೆ, ಖರೇ ಬಂದೆ! ಪಡಸಾಲ್ಯಾಗ ನೀ ಅವ್ವನ ಕಾಲ ಹಿಡದು ಅಳಾಕತ್ತಿದ್ದಿ, ತಪ್ಪ ನಂದಽ ಅಂತ. ನೀನಽ ಒಪ್ಪಕೊಂಡಿದ್ದಿ... ನಾ ಕೈ ತೊಳಕೊಂಡು ಊಟಕ್ಕ ಕುಂತೆ.

ನಿನ್ನ ಕಾಲು ತಡಾ ಆಗಿದ್ದಿಲ್ಲ.

ಎಲ್ಲಿ ಹೊಂಟಿ? ಅವ್ವ ಒಳಗ ಅದಾಳ, ನಿಂದ್ರು... ಇದು ನಮ್ಮ ಇಬ್ರೊಳಗಽ ಇರ್ಲಿ. ಚಾವಿ ಕೊಡ್ತೀನಿ, ನೌಕರಿಗೂ ಹೋಗು. ಅವ್ವಗ ಮಾತ್ರ ಹೇಳಬ್ಯಾಡ... ಏ, ಹ್ಞೂಂ ಅಂತ ಅನ್ನು!