ಅಳಿಸದ ಗೆರೆ

ದಿಲ್‌ಸುಖ್‌ನಗರದ ಬಸ್‌ಸ್ಟಾಪಿನಲ್ಲಿ ತೆಲುಗಿನ ನಡುವೆ ಕನ್ನಡ ಕೇಳಿದ್ದೇ ತಡ, ಬಸಲಿಂಗಮ್ಮನ ಕಿವಿ ಅತ್ತ ಹೋಯಿತು. ಯಾವುದೋ ಲ್ಯಾಬಿನ ಹುಡುಗಿಯರಿಬ್ಬರು.

“ನಮ್ಮ ಪ್ರೋಟೀನ್ ಹಿಡಿಯೂ ಆ್ಯಂಟಿಬಾಡಿಗೆ ಆ ಪ್ರೋಟೀನಿಂದೇ ತುಣುಕು, ಪೆಪ್ಟೈಡ್, ಕೂಡಿಸಿ ನೋಡಿದೆ, ಅಹಲ್ಯಾ. ಆ್ಯಂಟಿಬಾಡಿ ಖರೇ ಇದ್ದಿದ್ರ ಆ ತುಣುಕಿಗೇ ಅಂಟಿಕೊಂಡು, ಫಿಲ್ಮಿನ್ಯಾಗ ನಮ್ಮ ಪ್ರೋಟೀನಿನ ಗೆರಿ ಅಳಿಸಿಹೋಗಬೇಕಿತ್ತು. ಹೋಗಲಿಲ್ಲ.”

“ಅಂದ್ರ ನಾಲ್ಕು ವರ್ಷ ಅದು ಬ್ಯಾರೆ ಏನೋ ಹಿಡದಿತ್ತು?”

“ಹೂಂ.”

“ಮೊದಲ ಯಾಕ ನೋಡಲಿಲ್ಲ?”

“ಪೆಪ್ಟೈಡಿನ ಸಣ್ಣ ಶೀಶೆ ಆ್ಯಂಟಿಬಾಡಿ ಜೋಡಿನ ಬಂದಿತ್ತು. ಫ್ರಿಜ್ಜಿನ್ಯಾಗ ಹಂಗ ಬಿಟ್ಟಿದ್ವಿ.”

“ಗೈಡ್ ಸರ್‌ಗೆ ಹೇಳಿದಿ?”

“ದವಾಖಾನ್ಯಾಗ ಕೈ ಹಿಡಕೊಂಡು ಕೇಳಿದ್ರು, ‘ನಮ್ಮ ಗೆರಿ ಐತೇನವಾ?’ ಅಂತ.”

“ಏನಂದಿ?”

“‘ಐತ್ರಿ ಸರ್, ಚಲೋ ಕಾಣಸ್ತೈತಿ’ ಅಂದೆ. ನಕ್ಕು ಕಣ್ಣು ಮುಚ್ಚಿದ್ರು. ಮತ್ತ ತೆರೀಲಿಲ್ಲ.”

ಮಿಯಾಪುರದ ಬಸ್ಸು ಬಂತು. ಹುಡುಗಿಯರು ಹತ್ತಿದರು. ತಾನು ಹತ್ತಬೇಕಾದದ್ದೂ ಅದನ್ನೇ ಎಂಬುದು ಬಸಲಿಂಗಮ್ಮನಿಗೆ ಬಸ್ಸು ಹೋದ ಮೇಲೆ ನೆನಪಾಯಿತು.