ಹಿಂದಿನ ಎಡಗಡೆ ಸೀಟು

ಬಾಗಿಲು ಹಾಕಿ ಬನ್ನಿ. ಚಿಲಕ ಬೇಡ... ಸುಮ್ಮನೆ ಒರಗಿಸಿ, ಸಾಕು.

ಬಾವಿ ದಾಟುವಾಗ ಯಾಕೆ ಮಾತು ನಿಲ್ಲಿಸಿದ್ರಿ ಅತ್ತೆ ಅಂತ ದಾರಿಯುದ್ದಕ್ಕೂ ನನ್ನ ಪೀಡಿಸಿದ್ರಲ್ಲ, ಈಗ ಹೇಳ್ತೀನಿ. ಅದು ಅಲ್ಲಿ ಆಡೋ ಮಾತಲ್ಲ. ಈ ಹೊತ್ತಲ್ಲಿ ಬಾವಿ ಪಕ್ಕ ನಡ್ಕೊಂಡು ಬರ್ತಾ ಇಂಥದ್ದಕ್ಕೆ ಬಾಯಿ ಬಿಡೋಕೆ ನನಗೇನು ಹುಚ್ಚಾ? ಅದರ ಕಟ್ಟೆ ನೋಡಿದ್ರಾ? ರಸ್ತೆ ಕಡೆಗಿರೋ ಒಂದು ಭಾಗ ಮಾತ್ರ ಹೊಸ ಸಿಮೆಂಟು. ಟಾರ್ಚಿನ ಬೆಳಕಿಗೆ ಅಷ್ಟೇ ಬೆಳ್ಳಗೆ ಕಾಣ್ತಿತ್ತು. ಅದನ್ನ ನೆನಪಿಟ್ಕೊಳ್ಳಿ.

ಇದು ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ಯಾರೋ ಯಾರಿಗೋ ಹೇಳಿ ನನ್ನ ಕಿವಿಗೆ ಬಿದ್ದಿದ್ದಲ್ಲ. ಅಣ್ಣ ನನ್ನ ಹೊಲಿಗೆ ಮೆಷಿನ್ನಿನ ಎದುರಿಗೇ ಕೂತು, ನೀರಿನ ಲೋಟವನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ಹೇಳಿದ್ದು. ನಗಬೇಡಿ. ನಗೋರು ಆಮೇಲೆ ಒಬ್ಬೊಬ್ಬರೇ ಬಚ್ಚಲಿಗೆ ಹೋಗಿ ಬನ್ನಿ, ನೋಡೋಣ.

ಅಣ್ಣ ಹಳೇ ಕಾರು ಮಾರೋ ಅಂಗಳದಲ್ಲಿ ಕೆಲಸಕ್ಕಿದ್ದ. ಹೆದ್ದಾರಿ ಪಕ್ಕ, ತಂತಿ ಬೇಲಿಯೊಳಗೆ ಸಾಲಾಗಿ ಕಾರುಗಳು. ಮಾರೋದು ಯಜಮಾನರು. ಕಾರು ಕೊಂಡವರನ್ನ ಸ್ಟೇರಿಂಗ್ ಮುಂದೆ ಕೂರಿಸಿ, ಯಾವ ದೀಪ ಹತ್ತಿದರೆ ಏನರ್ಥ, ಕೀಯಲ್ಲಿರೋ ಯಾವ ಗುರುತು ಒತ್ತಿದರೆ ಏನಾಗುತ್ತೆ ಅಂತ ಹೇಳಿಕೊಟ್ಟು ಕಳಿಸೋದು ಇವನ ಕೆಲಸ. ನಾವೆಲ್ಲ ಅವನನ್ನ ದೀಪದಣ್ಣ ಅಂತಲೇ ಕರೀತಿದ್ವಿ. ಮದುವೆ ಮನೆಯಲ್ಲಿ ಕೂತರೂ ಅದೇ ಪಾಠ. ಕೆಂಪು ಹತ್ತಿದರೆ ಗಾಡಿ ನಿಲ್ಲಿಸು, ಹಳದಿ ಹತ್ತಿದರೆ ಅಸಡ್ಡೆ ಮಾಡಬೇಡ, ಹಸಿರು ಹತ್ತಿದರೆ ನಿನ್ನ ಪಾಡಿಗೆ ನೀನು ಹೋಗು. ಕಾರು ಆನ್ ಮಾಡಿದ ತಕ್ಷಣ ಎಲ್ಲ ದೀಪವೂ ಒಮ್ಮೆ ಹತ್ತಬೇಕು, ಆಮೇಲೆ ಆರಬೇಕು. ಆರದೇ ಉಳಿದರೂ ತೊಂದರೆ, ಹತ್ತದೇ ಹೋದರೆ ಇನ್ನೂ ದೊಡ್ಡ ತೊಂದರೆ, ಯಾರೋ ಏನೋ ಮುಚ್ಚಿಟ್ಟಿದಾರೆ ಅಂತ. ಕೇಳಿ ಕೇಳಿ ನನಗೇ ಬಾಯಿಪಾಠ ಆಗಿದೆ, ನನಗೆ ಸೈಕಲ್ಲೂ ಬರಲ್ಲ.

ಹೊಸದಾಗಿ ಬಂದ ಕಾರನ್ನ ಗಿರಾಕಿಗೆ ಕೊಡೋ ಹಿಂದಿನ ಸಂಜೆ ಅದರೊಳಗೆ ಒಬ್ಬನೇ ಕೂತು ಎಲ್ಲ ಒತ್ತಿ ನೋಡೋದು ಅವನ ಪದ್ಧತಿ. ಅವತ್ತು ಬಂದಿದ್ದು ಒಂದು ಬೂದು ಬಣ್ಣದ ಕಾರು. ಮಾರನೇ ದಿನ ಆಸ್ಪತ್ರೆಯ ನರ್ಸಮ್ಮ ಒಬ್ಬರು ತಗೊಂಡು ಹೋಗೋರು. ಎರಡು ಚಿಕ್ಕ ಮಕ್ಕಳ ತಾಯಿ. ಸೀಟಿಗೆ ಹೊಸ ಹೊದಿಕೆ ಹಾಕಿದ್ರು, ಒಳಗೆ ಸೆಂಟು ಹೊಡೆದಿದ್ರು. ಆದರೂ ಬಾಗಿಲು ತೆಗೆದ ಕೂಡಲೇ ಅಡಿಯಿಂದ ಒಂದು ವಾಸನೆ ಬಂತಂತೆ... ಒಣಗದ ಬಟ್ಟೆ ಮೂಲೆಯಲ್ಲಿ ಬಿದ್ದಿದ್ದರೆ ಬರುತ್ತಲ್ಲ, ಹಾಗೆ.

ಕತ್ತಲಾಗ್ತಾ ಬಂದಿತ್ತು. ಫೋನು ಆಫೀಸಿನಲ್ಲಿ ಚಾರ್ಜಿಗೆ ಹಾಕಿದ್ದ. ಒಳಗೆ ಕೂತು ಬಾಗಿಲು ಹಾಕ್ಕೊಂಡ. ಆನ್ ಮಾಡಿದರೆ ಮೊದಲು ಹತ್ತಿದ್ದೇ ಹಳದಿ ಕೀಯ ಗುರುತು. ಕೀಯೊಳಗಿನ ಪುಟ್ಟ ನಾಣ್ಯದಂಥ ಸೆಲ್ಲು ಮುಗೀತಾ ಬಂದಿದೆ ಅಂತ ಅರ್ಥ. ಹೊಸ ಸೆಲ್ಲು ಹಾಕಿದರಾಯ್ತು. ಆದರೆ ಅವರ ಯಜಮಾನರು ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ. ಅಲ್ಲಿ ಎಲ್ಲರೂ ಮಾಡ್ತಿದ್ದಿದ್ದು ಒಂದೇ, ಸೆಲ್ಲು ತೆಗೆದು ಅಂಗಿಗೆ ಉಜ್ಜಿ ಮತ್ತೆ ಹಾಕೋದು. ಉಜ್ಜಿದರೆ ಇನ್ನೊಂದು ವಾರ ಬರುತ್ತೆ ಅಂತ ಅವರ ನಂಬಿಕೆ. ಇವನೂ ಕೀಯ ಮುಚ್ಚಳ ಉಗುರಲ್ಲಿ ಎಬ್ಬಿಸಿ, ಸೆಲ್ಲು ತೆಗೆದು ಎದೆ ಮೇಲೆ ಉಜ್ಜಿದ. ಜಾರಿತು. ಟಿಣ್... ಅಂತ ಎಲ್ಲೋ ಬಡಿದು ಸೀಟಿನ ಕೆಳಗೆ ಹೋಯ್ತು. ಇವನು ಕಾರು ಆಫ್ ಮಾಡಿ, ಬಗ್ಗಿ ಸೀಟಿನ ಅಡಿಗೆ ಕೈ ಹಾಕಿ ತಡಕಾಡೋಕೆ ಶುರು ಮಾಡಿದ.

ಅದೇ ಹೊತ್ತಿಗೆ ಯಜಮಾನರು ಅಂಗಳ ಮುಚ್ಚೋಕೆ ಬಂದ್ರು. ಎಲ್ಲ ಕಾರಿನ ಎರಡನೇ ಕೀಗಳ ಗೊಂಚಲು ಅವರ ಕೈಯಲ್ಲಿ. ಸಾಲಿನುದ್ದಕ್ಕೂ ನಡೀತಾ ಒಂದೊಂದು ಕಾರಿಗೂ ಬೀಗದ ಗುರುತು ಎರಡೆರಡು ಸಲ ಒತ್ತೋರು. ಒಂದು ಸಲ ಒತ್ತಿದರೆ ಹೊರಗಿನಿಂದ ಮಾತ್ರ ಬೀಗ. ಎರಡು ಸಲ ಒತ್ತಿದರೆ ಒಳಗಿನ ಹಿಡಿಕೆಗಳೂ ಸತ್ತ ಹಾಗೆ. ಗಾಜು ಒಡೆದು ಕಳ್ಳ ಕೈ ಹಾಕಿದರೂ ಬಾಗಿಲು ತೆಗೆಯೋಕಾಗಬಾರದು ಅಂತ. ಈ ಬುದ್ಧಿ ಅವರಿಗೆ ಹೇಳಿಕೊಟ್ಟವನು ಯಾರು? ನಮ್ಮ ದೀಪದಣ್ಣನೇ. 

ಬಗ್ಗಿದ್ದವನು ಅವರಿಗೆ ಕಾಣಲಿಲ್ಲ. ಕ್ಲಕ್... ಕ್ಲಕ್. ಇವನು ತಲೆ ಎತ್ತೋ ಹೊತ್ತಿಗೆ ಅವರ ಸ್ಕೂಟರು ಗೇಟು ದಾಟಿತ್ತು.

ಮೊದಲು ನಗು ಬಂತಂತೆ. ಹಿಡಿಕೆ ಎಳೆದ, ಸಡಿಲವಾಗಿ ಬಂತು, ಬಾಗಿಲು ಬರಲಿಲ್ಲ. ಕೀಯನ್ನೇ ಸ್ಟಾರ್ಟ್ ಗುಂಡಿಗೆ ಒತ್ತಿ ಹಿಡಿದ. ಸೆಲ್ಲು ಇಲ್ಲದಿದ್ದರೂ ಹಾಗೆ ಹಿಡಿದರೆ ಕಾರು ಎಚ್ಚರಾಗುತ್ತೆ, ಅದೂ ಅವನ ಪಾಠವೇ. ದೀಪಗಳು ಹತ್ತಿದವು. ಕಿಟಕಿ ಇಳಿಸೋಕೆ ನೋಡಿದ. ಟಿಕ್ ಅಂತು, ಗಾಜು ಅಲ್ಲಾಡಲಿಲ್ಲ. ನಾಲ್ಕೂ ಕಿಟಕಿದು ಅದೇ ಹಾಡು. ಹಾರ್ನ್ ಒತ್ತಿದ. ಹೆದ್ದಾರಿ ಪಕ್ಕ ಹಾರ್ನ್ ಹೊಡೆದರೆ ಯಾರು ತಿರುಗಿ ನೋಡ್ತಾರೆ? ಆ ಕಡೆಯಿಂದ ಒಬ್ಬ ಲಾರಿಯವನು ಇವನಿಗೇ ಉತ್ತರ ಕೊಟ್ಟು ಹೋದನಂತೆ. ಸೀಟಿನ ತಲೆದಿಂಬು ಕಿತ್ತು ಅದರ ಕಂಬಿಯಲ್ಲಿ ಗಾಜು ಒಡೀಬೇಕು ಅಂತ ಎಲ್ಲರಿಗೂ ಹೇಳೋನು ಅವನು. ಆ ಕಾರಲ್ಲಿ ತಲೆದಿಂಬು ಸೀಟಿಗೇ ಅಂಟಿಕೊಂಡಿತ್ತು. ಒದ್ದ. ಗಾಜಿಗೇನೂ ಆಗಲಿಲ್ಲ, ಕಾಲು ಉಳುಕಿತು. ಬಿದ್ದ ಸೆಲ್ಲಿಗೆ ಮತ್ತೆ ತಡಕಿದ, ಸಿಗಲಿಲ್ಲ.

ಕೀಯೊಳಗೆ ಒಂದು ಕಬ್ಬಿಣದ ಎಸಳು ಇರುತ್ತೆ, ಸೆಲ್ಲು ಕೈಕೊಟ್ಟಾಗ ಬೀಗ ತೆಗೆಯೋಕೆ. ಅದೂ ಇತ್ತು ಅವನ ಹತ್ತಿರ. ಆದರೆ ಅದನ್ನ ಹಾಕೋ ತೂತು ಇರೋದು ಬಾಗಿಲಿನ ಹೊರಗಡೆ.

ಆಗ ನಗು ನಿಂತಿತು. ಕಿಟಕಿ ಮುಚ್ಚಿದ ಕಾರಲ್ಲಿ ಉಸಿರು ಭಾರ ಆಗೋಕೆ ಶುರುವಾಯ್ತು. ಬೆಳಗಿನವರೆಗೆ ತಡೀತೀನಾ ಅಂತ ಲೆಕ್ಕ ಹಾಕ್ತಾ, ಮುಂದಿನ ದೀಪಗಳನ್ನ ನೋಡ್ತಾ ಕೂತ. ಎಲ್ಲ ಆರಿದ್ದವು. ಒಂದು ಮಾತ್ರ ಆರಿರಲಿಲ್ಲ.

ಹಿಂದಿನ ಸೀಟಿನವರು ಬೆಲ್ಟು ಹಾಕಿದಾರಾ ಇಲ್ವಾ ಅಂತ ತೋರಿಸೋಕೆ ಮೂರು ಪುಟ್ಟ ಮನುಷ್ಯನ ಚಿತ್ರ ಇರುತ್ತೆ. ಹಾಕಿದರೆ ಹಸಿರು. ಎಡಗಡೆಯದು... ಹಸಿರಾಗಿತ್ತು.

ಅಣ್ಣ ಕನ್ನಡಿಯಲ್ಲಿ ನೋಡಿದ. ಸೀಟು ಖಾಲಿ. ನೀರಲ್ಲಿ ನೆನೆದ ವೈರು, ಸುಳ್ಳು ತೋರಿಸ್ತಿದೆ ಅಂದ್ಕೊಂಡ. ನೆನೆದ ಅಂತ ತನಗೆ ಯಾಕೆ ಹೊಳೀತು ಅಂತ ಅವನಿಗೇ ಗೊತ್ತಿಲ್ಲ.

ಟಕ್.

ಬೆಲ್ಟಿನ ಕೊಂಡಿ ಬಿಚ್ಚಿದ ಸದ್ದು. ಸರ್ರ್... ಪಟ್ಟಿ ಒಳಗೆ ಸರಿದುಕೊಂಡಿತು. ಹಸಿರು ಮನುಷ್ಯ ಕೆಂಪಾದ. ಟಿಂಗ್... ಟಿಂಗ್... ಟಿಂಗ್... ಅಂತ ಎಚ್ಚರಿಕೆ ಶುರುವಾಯ್ತು. ಹೊರಗಿನ ಚಳಿ ತೋರಿಸೋ ಅಂಕಿ ನೋಡ್ತಾ ನೋಡ್ತಾ ಇಳೀತು. ಗಾಜಿನ ಮೇಲೆಲ್ಲ ಮಂಜು ಕಟ್ಟಿತು. ಕಾಲು ಹಿಂದಕ್ಕೆ ಎಳ್ಕೊಂಡರೆ ಕೆಳಗಿನ ಮ್ಯಾಟು ಪಚಕ್ ಅಂತು.

ಆಮೇಲೆ ಹಿಡಿಕೆ. ಹಿಂದಿನ ಎಡ ಬಾಗಿಲಿನ ಒಳಗಿನ ಹಿಡಿಕೆ. ಕಟಕ್... ಕಟಕ್ ಕಟಕ್... ಕಟಕ್ ಕಟಕ್ ಕಟಕ್. ಯಾರೋ ಎಳೀತಿದಾರೆ. ಬಲ ಸಾಲದೆ ಎಳೀತಿದಾರೆ.

ಅಣ್ಣ ಸ್ಟೇರಿಂಗ್ ಗಟ್ಟಿಯಾಗಿ ಹಿಡ್ಕೊಂಡ. ಹಿಂದೆ ತಿರುಗೋಕೆ ಕತ್ತು ಕೇಳಲಿಲ್ಲ. ಕೊನೆಗೆ ಪಿಸುಗುಟ್ಟಿದ.

"ಯಾರು?"

"ಮಾಮಾ... ಬಾಗಿಲು ತೆಗೀರಿ."

ಮಗುವಿನ ದನಿ. ಅಳು ಇಲ್ಲ. ಅತ್ತು ಮುಗಿಸಿದ ಮೇಲೆ ಇರುತ್ತಲ್ಲ, ಆ ದನಿ.

"ನನಗೂ ಆಗ್ತಿಲ್ಲ, ಪುಟ್ಟಾ."

ಟಿಂಗ್... ಟಿಂಗ್...

"ನಿಮಗೂ ತೆಗೆಯೋಕೆ ಬರಲ್ವಾ?"

ಊರಿಗೆಲ್ಲ ಕಲಿಸಿದವನಿಗೆ ಆ ಮಾತು ಹೇಗೆ ತಾಗಿತೋ... ಇದನ್ನ ಹೇಳುವಾಗ ಅವನ ಕೈಯಲ್ಲಿದ್ದ ಲೋಟದ ನೀರು ಚೆಲ್ಲಿತು. ನಾನೂ ಕಣ್ಣು ಒರೆಸ್ಕೊಂಡೆ, ಸುಳ್ಳು ಯಾಕೆ ಹೇಳ್ಲಿ. 

ಅವನಿಗೆ ಆಗಲೇ ಅರ್ಥ ಆಯ್ತು. ಚಿಕ್ಕ ಮಕ್ಕಳು ಓಡೋ ಕಾರಲ್ಲಿ ಬಾಗಿಲು ತೆಗೀಬಾರದು ಅಂತ ಹಿಂದಿನ ಬಾಗಿಲಿನ ಅಂಚಲ್ಲಿ ಒಂದು ಸಣ್ಣ ತಿರುಗಣಿ ಇರುತ್ತೆ. ಮಕ್ಕಳ ಬೀಗ. ಅದನ್ನ ತಿರುಗಿಸಿಟ್ಟರೆ ಆ ಬಾಗಿಲು ಒಳಗಿನಿಂದ ಏನು ಮಾಡಿದರೂ ತೆಗೆಯಲ್ಲ. ಒಳ್ಳೇದಕ್ಕೇ ಮಾಡಿದ್ದು. ಅಪ್ಪ ಅಮ್ಮ ಒಳ್ಳೇದಕ್ಕೇ ತಿರುಗಿಸಿರ್ತಾರೆ.

"ನಾನು ಹೊರಗೆ ಹೋದ್ರೆ ತೆಗೀತೀನಿ," ಅಂದ. "ಮೊದಲು ನಿನ್ನ ಬಾಗಿಲೇ ತೆಗೀತೀನಿ."

"ಅಪ್ಪನೂ ಹಾಗೇ ಅಂದಿದ್ರು."

ಆಮೇಲೆ ಎಚ್ಚರಿಕೆ ಸದ್ದು ನಿಂತಿತು. ಸೆಲ್ಲು ಸಿಗುತ್ತಾ ಅಂತ ಎರಡು ಸೀಟಿನ ನಡುವೆ ಚಾಚಿದ್ದ ಅವನ ಅಂಗೈಯಲ್ಲಿ ತಣ್ಣಗೆ, ಒದ್ದೆಯಾಗಿ, ದುಂಡಗೆ ಏನೋ ಬಂದು ಕೂತಿತು. ಸೆಲ್ಲು. ಯೋಚನೆ ಮಾಡೋಕೆ ಹೋಗಲಿಲ್ಲ ಅವನು. ಕತ್ತಲಲ್ಲೇ ತಡಕಿ ಕೀಯೊಳಗೆ ಕೂರಿಸಿ, ಮುಚ್ಚಳ ಒತ್ತಿ, ತೆರೆಯೋ ಗುರುತು ಅಮುಕಿದ. 

ಕ್ಲಕ್. ಬಾಗಿಲು ತೆಗೀತು.

ಓಡಿದ. ಉಳುಕಿದ ಕಾಲಲ್ಲೇ ಗೇಟಿನವರೆಗೂ ಓಡಿದ. ಯಾರು ತಾನೇ ಓಡಲ್ಲ? ಗೇಟಿನ ಕಂಬಿ ಹಿಡ್ಕೊಂಡು ಕಾಲು ಮೇಲಿಟ್ಟ. ಹಿಂದೆ ಯಾರೂ ಕೂಗಲಿಲ್ಲ. ಕೂಗಿದ್ದರೆ ಹಾರಿ ಹೋಗಿಬಿಡ್ತಿದ್ದೆ ಅಂದ ಅಣ್ಣ. ಏನೂ ಕೇಳಿಸಲಿಲ್ಲ. ಒಳಗೆ ಕೂತವರಿಗೆ ಅವನು ಬರಲ್ಲ ಅಂತ ಮೊದಲೇ ಗೊತ್ತಿದ್ದ ಹಾಗೆ... ಅಷ್ಟು ಸದ್ದಿಲ್ಲ. ಅದನ್ನ ಅವನ ಕೈಲಿ ತಡೆಯೋಕಾಗಲಿಲ್ಲ.

ವಾಪಸ್ ಬಂದ. ಹಿಂದಿನ ಎಡ ಬಾಗಿಲನ್ನ ಹೊರಗಿನಿಂದ ತೆಗೆದ. ಒಳಗೆ ನೋಡಲಿಲ್ಲ, ಕಣ್ಣು ಬಾಗಿಲಿನ ಅಂಚಲ್ಲೇ ಇಟ್ಟ. ಕೀಯ ಕಬ್ಬಿಣದ ಎಸಳನ್ನ ಮಕ್ಕಳ ಬೀಗದ ಸೀಳಿಗೆ ಹಾಕಿ ತಿರುಗಿಸಿದ. ತುಕ್ಕು ಹಿಡಿದಿತ್ತು. ಕಿರ್ರ್... ಟಕ್. ಬಾಗಿಲು ಕೈಜಾರಿ ಧಪ್ ಅಂತ ಮುಚ್ಚಿಕೊಂಡಿತು. ಇವನು ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಈಗ ಎಳಿ, ಪುಟ್ಟಾ," ಅಂದ.

ಕಟಕ್.

ಒಂದೇ ಸಲ. ಬಾಗಿಲು ತಾನಾಗಿ ತೆರೆದುಕೊಂಡು, ಪೂರ್ತಿ ಅಗಲವಾಗಿ ನಿಂತಿತು. ಯಾರೂ ಇಳೀಲಿಲ್ಲ. ಮುಂದೆ ಉರೀತಿದ್ದ ಕೆಂಪು ಮನುಷ್ಯನ ಚಿತ್ರ ಆರಿತು.

ಮಾರನೇ ದಿನ ಅಣ್ಣ ಆ ಕಾರನ್ನ ನರ್ಸಮ್ಮನಿಗೆ ಕೊಡೋಕೆ ಬಿಡಲಿಲ್ಲ. ಯಜಮಾನರು ಕೂಗಾಡಿದ್ರು. ಗಾಡಿ ಎಳೆದು ತಂದಿದ್ದ ಕ್ರೇನಿನವನನ್ನ ಇವನು ಹಿಡಿದು ನಿಲ್ಲಿಸಿ ಕೇಳಿದ ಮೇಲೆ ಅವರೂ ಸುಮ್ಮನಾದ್ರು. ಕ್ರೇನಿನವನು ತಲೆ ತಗ್ಗಿಸಿ ಹೇಳಿದ್ದಿಷ್ಟು. ಕಟ್ಟೆ ಒಡ್ಕೊಂಡು ಬಾವಿಗೆ ಬಿದ್ದ ಕಾರು ಅದು. ಮುಂದಿದ್ದ ಗಂಡ ಹೆಂಡತಿ ಹೇಗೋ ಆಚೆ ಬಂದ್ರು. ತಂದೆ ಮತ್ತೆ ಮತ್ತೆ ಮುಳುಗಿದ್ರಂತೆ, ಹಿಂದಿನ ಬಾಗಿಲು ಸಿಗಲೇ ಇಲ್ಲವಂತೆ. ಇದೆಲ್ಲ ಕೇಳಿದ ಮೇಲೆ ಯಜಮಾನರು ಕಾರನ್ನ ಗುಜರಿಗೆ ಹಾಕಿದ್ರು. 

ಗುಜರಿಯವರು ಸೀಟು ಕಿತ್ತಾಗ ಸೆಲ್ಲು ಸಿಕ್ಕಿತು. ಮುಂದಿನ ಸೀಟಿನ ಕಂಬಿಯ ಸಂದಿಯಲ್ಲಿ, ಜಾರಿ ಬಿದ್ದ ಜಾಗದಲ್ಲೇ ಸಿಕ್ಕಿಹಾಕ್ಕೊಂಡಿತ್ತು.

ಅಣ್ಣ ಕೀ ತಗೊಂಡು ಸೀದಾ ನನ್ನ ಹತ್ತಿರ ಬಂದ. ನನ್ನ ಮುಂದೆಯೇ ಮುಚ್ಚಳ ಎಬ್ಬಿಸಿದ. ಸೆಲ್ಲು ಇರಬೇಕಾದ ಜಾಗದಲ್ಲಿ ಒಂದು ಅಂಗಿಯ ಗುಂಡಿ ಕೂತಿತ್ತು. ಬಿಳೀದು, ನಾಲ್ಕು ತೂತಿಂದು, ಕೊರಳ ಹತ್ತಿರ ಹಾಕೋ ಸಣ್ಣ ಅಳತೆದು. ತೂತಲ್ಲಿ ಒಂದು ಎಳೆ ನೀಲಿ ದಾರ. ಮಕ್ಕಳ ಅಂಗಿದು. ಇಷ್ಟು ವರ್ಷ ಹೊಲಿದವಳು ನಾನು, ಗುಂಡಿ ನೋಡಿದರೆ ಗೊತ್ತಾಗಲ್ವಾ?

ನೀವು ನಂಬಿ, ಬಿಡಿ. ಆದದ್ದು ಆಗಿದೆ. ಗುಂಡಿ ಇನ್ನೂ ನನ್ನ ಹತ್ತಿರಾನೇ ಇದೆ, ಅಲ್ಲಿ, ಹೊಲಿಗೆ ಡಬ್ಬದಲ್ಲಿ. ತಗಡಿನ ಡಬ್ಬ, ಒಣ ಜಾಗ, ಪಕ್ಕದಲ್ಲಿರೋ ಸೂಜಿಗಳಿಗೆ ಒಂದು ಚೂರು ತುಕ್ಕಿಲ್ಲ. ಗುಂಡಿಯ ಅಡಿಗೆ ಹಾಕಿರೋ ಬಟ್ಟೆ ತುಂಡನ್ನ ಮಾತ್ರ ದಿನಾ ಬೆಳಿಗ್ಗೆ ಎದ್ದು ಹಿಂಡಿ ಹಾಕ್ತೀನಿ.